ನಲ್ಲಿಯ ಕೆಳಗಿನ ಕೊಡ

ಒಂದು ತಪ್ಪೊಪ್ಪಿಗೆಯಿಂದಲೇ ಈ ವಾರದ ಮಾತನ್ನು ಆರಂಭಿಸಬೇಕಾಗಿದೆ. ಕಳೆದ ಬೇಸಗೆಯಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟಿದ್ದ ನಾನು, ಮದ್ದೂರಿನ ಸಮೀಪ ಹಳೆಯ ರಸ್ತೆಯ ಹೋಟೆಲೊಂದರ ಅಂಗಳದಲ್ಲಿದ್ದ ಚಾರ್ಜರಿಗೆ ನನ್ನ ವಿದ್ಯುತ್ ಕಾರನ್ನು ಒಪ್ಪಿಸಿ ಊಟಕ್ಕೆ ಕುಳಿತೆ. ಊಟವಾಯಿತು, ಕಾಫಿಯಾಯಿತು, ಹಳೆಯ ಮಿತ್ರರೊಬ್ಬರು ಸಿಕ್ಕಿದುದರಿಂದ ಎರಡನೆಯ ಕಾಫಿಯೂ ಆಯಿತು. ಹೊರಗೆ ಬಂದು ನೋಡಿದರೆ ನನ್ನ ಕಾರಿನ ಹಿಂದೆ, ಹಸಿರು ಫಲಕದ ಮೇಲೆ ಹಳದಿ ಅಕ್ಷರಗಳಿದ್ದ ಟ್ಯಾಕ್ಸಿಯೊಂದು ಬಿಸಿಲಿನಲ್ಲಿ ನಿಂತಿದೆ. ನಾಲ್ಕೂ ಗಾಜು ಇಳಿಸಿ, ಟವಲಿನಿಂದ ಕತ್ತು ಒರೆಸಿಕೊಳ್ಳುತ್ತ ಸುಮಾರು ಐವತ್ತು ವಯಸ್ಸಿನ ಚಾಲಕ ಕುಳಿತಿದ್ದಾನೆ. ಚಾರ್ಜರಿನ ಇನ್ನೊಂದು ಗನ್ನಿಗೆ ಗೋಣಿಚೀಲ ಹೊದಿಸಿತ್ತು. ಅದು ಕೆಟ್ಟು ಎಷ್ಟು ದಿನವಾಗಿತ್ತೋ!

“ಸಾರ್, ನಿಮ್ದು ಎಂಬತ್ತು ದಾಟಿ ಮುಕ್ಕಾಲು ಗಂಟೆ ಆಯ್ತು. ನಂದು ಒಂಬತ್ತರಲ್ಲಿ ನಿಂತಿದೆ. ಏಸಿ ಹಾಕಿದರೆ ಅದೂ ಹೋಗುತ್ತೆ” ಎಂದನಾತ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ. ಯಂತ್ರದ ಪರದೆಯ ಮೇಲೆ ಶೇಕಡಾ 97 ಎಂದಿತ್ತು. ಅಲ್ಲಿಂದ ಮೈಸೂರಿಗೆ ಉಳಿದುದು 60 ಕಿಲೋಮೀಟರಿನಷ್ಟು. ಅರ್ಧ ಬ್ಯಾಟರಿಯೇ ನನಗೆ ಧಾರಾಳವಾಗಿತ್ತು.

ಆ ಮುಕ್ಕಾಲು ಗಂಟೆಯಲ್ಲಿ ನಾನು ಪಡೆದದ್ದೇನು ಎಂಬುದನ್ನು ಲೆಕ್ಕ ಹಾಕಿ ನೋಡಿದೆ. 40 ಯೂನಿಟ್ ಹಿಡಿಯುವ ಬ್ಯಾಟರಿಯನ್ನು 30 ಕಿಲೋವಾಟಿನ ಚಾರ್ಜರಿಗೆ ಕೂಡಿಸಿದರೆ, ಶೇಕಡಾ 20ರಿಂದ 80ಕ್ಕೆ ಏರಲು ಬೇಕಾದ 24 ಯೂನಿಟ್ಟುಗಳು ಸುಮಾರು 50 ನಿಮಿಷಗಳಲ್ಲಿ ಬಂದು ಸೇರುತ್ತವೆ. ಉಳಿದ 8 ಯೂನಿಟ್ಟುಗಳಿಗೆ ಗಣಿತದಂತೆ 16 ನಿಮಿಷ ಸಾಕು; ವಾಸ್ತವದಲ್ಲಿ ಅದರ ಎರಡು ಮೂರರಷ್ಟು ಹೊತ್ತು ಹಿಡಿಯುವುದುಂಟು. ಅದು ಲಿಥಿಯಮ್ ಬ್ಯಾಟರಿಯ ಸ್ವಭಾವ. ಕಂಠ ಕಿರಿದಾದ ಕೊಡಕ್ಕೆ ಮೊದಲು ಧಾರಾಳವಾಗಿ ನೀರು ಸುರಿಯಬಹುದು. ಕಂಠದ ಬಳಿ ಬಂದಾಗ ಕೈ ಬಿಗಿಹಿಡಿಯಲೇಬೇಕು. ತುಂಬುತ್ತ ಬಂದ ಬ್ಯಾಟರಿಗೆ ಅದೇ ವೇಗದಲ್ಲಿ ವಿದ್ಯುತ್ತನ್ನು ನುಗ್ಗಿಸಿದರೆ ಅದು ಒಳಗೇ ಕೆಡುತ್ತದೆ. ಆದುದರಿಂದ ಕಾರು ತಾನಾಗಿಯೇ ಹರಿವನ್ನು ತಗ್ಗಿಸಿಕೊಳ್ಳುತ್ತದೆ.

ಬೆಂಗಳೂರಿನ ವಠಾರಗಳಲ್ಲಿ ಬೆಳೆದವರಿಗೆ ಬೀದಿ ನಲ್ಲಿಯ ನ್ಯಾಯ ಗೊತ್ತು. ಸಾಲಿನಲ್ಲಿಟ್ಟ ಕೊಡವೇ ಅಲ್ಲಿ ಮನುಷ್ಯರ ಪ್ರತಿನಿಧಿ. ತುಂಬಿದ ಕೊಡದ ಒಡತಿ ಹರಟೆಯಲ್ಲಿ ಮೈಮರೆತಿದ್ದರೆ ಹಿಂದಿನವಳು ಅದನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ ತನ್ನದನ್ನಿಡುತ್ತಿದ್ದಳು. ಜಗಳಗಳೂ ಆಗುತ್ತಿದ್ದುವೆನ್ನಿ. ಆದರೆ ಚಾರ್ಜರಿನ ಬಳಿ ಆ ಸ್ವಾತಂತ್ರ್ಯವೂ ಇಲ್ಲ. ಗನ್ನನ್ನು ಕಾರು ಕಚ್ಚಿ ಹಿಡಿದಿರುತ್ತದೆ. ಒಡೆಯನ ಹೊರತು ಬೇರೆಯವರು ಕೀಳಲಾರರು. ಕಾಯುವವನು ಕೇವಲ ನಮ್ಮ ಸೌಜನ್ಯವನ್ನು ನಂಬಿ ನಿಂತಿರುತ್ತಾನೆ.

ಕಾಯುವವರು ಯಾರು ಎಂಬುದನ್ನೂ ನೋಡಬೇಕು. ನನ್ನಂಥವರ ಮನೆಯ ಗೋಡೆಯಲ್ಲಿ 15 ಆಂಪಿಯರಿನ ಸಾಕೆಟ್ಟಿದೆ; ರಾತ್ರಿ ಚುಚ್ಚಿ ಮಲಗಿದರೆ ಬೆಳಿಗ್ಗೆಯ ಕೆಲಸಕ್ಕೆ ಕಾರು ಸಿದ್ಧ. ಸಣ್ಣ ಬಾಡಿಗೆಮನೆಯಲ್ಲಿದ್ದು, ಕಾರನ್ನು ಬೀದಿಯಲ್ಲಿ ನಿಲ್ಲಿಸುವ ಚಾಲಕನಿಗೆ ಆ ಸೌಕರ್ಯವೆಲ್ಲಿಯದು? ಅವನಿಗೆ ಸಾರ್ವಜನಿಕ ಚಾರ್ಜರೊಂದೇ ಗತಿ. ದಿನಬಾಡಿಗೆಗೆ ಕಾರು ಪಡೆದಿದ್ದರಂತೂ, ಅಲ್ಲಿ ಕಳೆದ ಪ್ರತಿ ಗಂಟೆಯೂ ಅವನ ಗಳಿಕೆಯಿಂದಲೇ ಕಳೆಯುತ್ತದೆ. ಇದರ ಮೇಲೆ, ನೆರಳಿದೆಯೆಂಬ ಒಂದೇ ಕಾರಣಕ್ಕೆ ಪೆಟ್ರೋಲ್ ಕಾರನ್ನು ಚಾರ್ಜರಿನ ಮುಂದೆ ನಿಲ್ಲಿಸಿ ಮಾಯವಾಗುವ ಮಹಾಶಯರೂ ಇದ್ದಾರೆ. ಅವರ ವಿಷಯದಲ್ಲಿ ನನಗೆ ಹೇಳಲು ಸಭ್ಯವಾದ ಮಾತಿಲ್ಲ.

ಇಂಥ ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು, 2017ರಲ್ಲಿ, ಪ್ರಕಟಿಸಿದ ರಾಜ್ಯ ನಮ್ಮದು. 2018ರ ಡಿಸೆಂಬರಿನಲ್ಲಿ ಕೇಂದ್ರದ ವಿದ್ಯುತ್ ಸಚಿವಾಲಯವು ನಗರಗಳಲ್ಲಿ 3 ಕಿಲೋಮೀಟರ್ ಉದ್ದಗಲದ ಪ್ರತಿ ಚೌಕಕ್ಕೊಂದು, ಹೆದ್ದಾರಿಯ ಎರಡೂ ಬದಿಗಳಲ್ಲಿ 25 ಕಿಲೋಮೀಟರಿಗೊಂದು ಚಾರ್ಜಿಂಗ್ ಕೇಂದ್ರವಿರಬೇಕೆಂದು ಮಾರ್ಗಸೂಚಿ ಹೊರಡಿಸಿತು. ದೂರದ ಲೆಕ್ಕ ಬೇಕಾದುದೇ. ಆದರೆ ಮದ್ದೂರಿನಲ್ಲಿ ಆ ಚಾಲಕನಿಗೆ ಚಾರ್ಜರ್ ಹತ್ತು ಹೆಜ್ಜೆ ದೂರದಲ್ಲಿತ್ತು. ನಡುವೆ ಇದ್ದುದು ನನ್ನ ಕಾರು.

ಯೂನಿಟ್ಟಿಗಿಷ್ಟೆಂದು ದರ ಕಟ್ಟುವವರೆಗೆ ಹೊತ್ತಿಗೆ ಬೆಲೆ ಬರುವುದಿಲ್ಲ. ಚಾರ್ಜು ಮುಗಿದ ಮೇಲೂ ಕದಲದ ಕಾರಿಗೆ ನಿಮಿಷದ ಲೆಕ್ಕದಲ್ಲಿ ಶುಲ್ಕ ವಿಧಿಸುವ ಪದ್ಧತಿ ಕೆಲವು ಕಡೆ ಇದೆ. ಅದು ನ್ಯಾಯವೇ, ಆದರೆ 100 ಮುಟ್ಟಿದ ಮೇಲಲ್ಲ, ಹಿಂದೆ ಸಾಲಿದ್ದಾಗ 80ರಿಂದಲೇ ಅದು ಆರಂಭವಾಗಬೇಕೆಂದು ನನ್ನ ಅಭಿಪ್ರಾಯ. ಮುಂದೆ ಚಾರ್ಜರಿಲ್ಲದ ದಾರಿ ಹಿಡಿಯುವವನಿಗೆ ನೂರೂ ಬೇಕಾದೀತು. ಹಿಂದಿನವನಿಗೆ ಒಂದು ಮಾತು ಹೇಳಿ ಅವನು ತುಂಬಿಸಿಕೊಳ್ಳಲಿ. ಕಾರಿನ ಗಾಜಿನ ಒಳಗೆ ದೂರವಾಣಿ ಸಂಖ್ಯೆಯ ಚೀಟಿಯೊಂದನ್ನು ಇಡುವುದಕ್ಕಂತೂ ಯಾವ ಸರಕಾರದ ಆಜ್ಞೆಯೂ ಬೇಡ. ಆ ದಿನದಿಂದ ನಾನು ಇಡುತ್ತಿದ್ದೇನೆ.

ಕೇಂದ್ರಗಳನ್ನು ನಡೆಸುವವರ ಹೊಣೆಯೂ ಸಣ್ಣದಲ್ಲ. ಗೋಣಿಚೀಲದ ಬದಲು ಯಂತ್ರ ಕೆಟ್ಟಿದೆಯೆಂದು ಆ್ಯಪಿನಲ್ಲಿ ಮೊದಲೇ ತಿಳಿಸಿದ್ದರೆ ಆತ ಅಷ್ಟು ದೂರ ಬರುತ್ತಲೇ ಇರಲಿಲ್ಲವೇನೋ. ದರವನ್ನೂ ಸರದಿಯ ನಿಯಮವನ್ನೂ ಕನ್ನಡದಲ್ಲಿ ಬರೆದ ಒಂದು ಫಲಕ, ಒಂದು ಶೌಚಾಲಯ, ಕಾಯುವವರಿಗೆ ನೆರಳಿನಲ್ಲೊಂದು ಬೆಂಚು, ಇವು ಚಾರ್ಜರಿನ ಬೆಲೆಯ ಮುಂದೆ ಏನೂ ಅಲ್ಲ. ನಾನು ಗನ್ ಕಿತ್ತು ಕೊಟ್ಟಾಗ ಎರಡು ಗಂಟೆಯಾಗಿತ್ತು. ಆತ ಅದನ್ನು ತನ್ನ ಕಾರಿಗೆ ಸಿಕ್ಕಿಸಿ, ಕೂರುವ ಜಾಗಕ್ಕಾಗಿ ಅಂಗಳವನ್ನೆಲ್ಲ ಒಮ್ಮೆ ನೋಡಿ, ಕೊನೆಗೆ ಕಾರಿನದೇ ನೆರಳಿನಲ್ಲಿ ಟವಲು ಹಾಸಿಕೊಂಡು ನೆಲದ ಮೇಲೆ ಕುಳಿತ.