ಬಾಯಿ ಮೂರು ಬೆರಳು ತೆರೆಯುತ್ತದೆಯೇ?

ಅಡಿಕೆ ಧಾರಣೆ, ಕಾಫಿಯ ಕಾಯಿಕೊರಕ, ಗೊಬ್ಬರದ ದಾಸ್ತಾನು ಇವುಗಳಿಗೆ ಮೀಸಲಾದ ಈ ಪುಟಗಳಲ್ಲಿ ದವಡೆಯ ಮಾತೇಕೆ ಎಂದು ಸದಸ್ಯ ಬಾಂಧವರು ಹುಬ್ಬೇರಿಸಬಹುದು. ಸಂಘದ ಕಛೇರಿಗೆ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಬರುವವರನ್ನು ನಾವು ಎಷ್ಟೋ ಬಾರಿ ಕಂಡಿದ್ದೇವೆ. ಒಬ್ಬರು ಎರಡು ಒಳ್ಳೆಯ ಹಲ್ಲು ಕೀಳಿಸಿಕೊಂಡರು, ನೋವು ಹಾಗೆಯೇ ಉಳಿಯಿತು. ಇನ್ನೊಬ್ಬರು ವರ್ಷವಿಡೀ ಕಿವಿಗೆ ಔಷಧಿ ಬಿಟ್ಟುಕೊಂಡರು. ನೋವಿದ್ದದ್ದು ಹಲ್ಲಿನಲ್ಲೂ ಅಲ್ಲ, ಕಿವಿಯಲ್ಲೂ ಅಲ್ಲ, ಎರಡರ ನಡುವಿನ ಕೀಲಿನಲ್ಲಿ.

ಕಿವಿಯ ಮುಂದೆ ಬೆರಳಿಟ್ಟು ಬಾಯಿಯನ್ನು ತೆರೆದು ಮುಚ್ಚಿ ನೋಡಿ. ಬೆರಳಡಿಯಲ್ಲಿ ಜಾರುವುದೇ ದವಡೆಯ ಕೀಲು. ಬಾಗಿಲಿನ ತಿರುಗಣೆಯಂತೆ ಅದು ತಿರುಗುತ್ತದೆ, ಬಾಯಿ ಅಗಲವಾದಂತೆ ಮುಂದಕ್ಕೂ ಜಾರುತ್ತದೆ. ಎಡದ್ದು ಬಲದ್ದು ಎರಡೂ ನೊಗಕ್ಕೆ ಕಟ್ಟಿದ ಜೋಡೆತ್ತುಗಳಂತೆ ಒಟ್ಟಿಗೇ ನಡೆಯಬೇಕು. ಎಲುಬು ಎಲುಬಿಗೆ ಉಜ್ಜದಂತೆ ನಡುವೆ ತೆಳುವಾದ ಒಂದು ಬಿಲ್ಲೆಯುಂಟು. ಅದು ಸ್ಥಾನ ತಪ್ಪಿ ಮತ್ತೆ ಸ್ಥಾನಕ್ಕೆ ಬೀಳುವಾಗ 'ಟಕ್' ಎನ್ನುತ್ತದೆ. ನೋವಿಲ್ಲದೆ ಬರಿಯ ಶಬ್ದವಿದ್ದರೆ ಚಿಕಿತ್ಸೆಯೇ ಬೇಡ. ಬಿಲ್ಲೆ ಅಡ್ಡಬಿದ್ದು ಬಾಯಿ ಅರ್ಧಕ್ಕೇ ನಿಂತುಬಿಟ್ಟರೆ ಆಗ ವೈದ್ಯರಿಗೆ ತೋರಿಸತಕ್ಕದ್ದು.

ನೋವಿನ ಬಹುಪಾಲು ಬರುವುದು ಕೀಲಿಗಿಂತ ಅದನ್ನು ಎಳೆಯುವ ಸ್ನಾಯುಗಳಿಂದ. ಹಲ್ಲು ಕಚ್ಚಿಕೊಂಡು ಭಾರ ಹೊರುವುದು, ಹಲ್ಲು ಕಚ್ಚಿಕೊಂಡೇ ಸಾಲದ ಲೆಕ್ಕ ನೋಡುವುದು, ರಾತ್ರಿ ನಿದ್ದೆಯಲ್ಲಿ ಹಲ್ಲು ಮಸೆಯುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ವಿಶ್ರಾಂತಿಯಲ್ಲಿರುವಾಗ ತುಟಿ ಮುಚ್ಚಿರಬೇಕು, ಹಲ್ಲುಗಳು ಒಂದಕ್ಕೊಂದು ತಾಗಬಾರದು. ಹೀಗಿರುವುದು ನಮ್ಮಲ್ಲಿ ಎಷ್ಟು ಮಂದಿಗೆ ಅಭ್ಯಾಸವಿದೆ? ಕೆಲವು ವಾರ ಮೆತ್ತನೆಯ ಊಟ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ, ಆಕಳಿಸುವಾಗ ಗದ್ದಕ್ಕೆ ಕೈಯ ಆಸರೆ, ತಿಳಿದವರು ಹೇಳಿಕೊಟ್ಟ ದವಡೆಯ ವ್ಯಾಯಾಮ. ಹೆಚ್ಚಿನವರಿಗೆ ಇಷ್ಟು ಸಾಕು. ಮಾಡುವವರು ಕಡಿಮೆ, ಯಾಕೆಂದರೆ ಇದರಲ್ಲಿ ಬಿಲ್ಲು ಕೊಡುವ ಔಷಧಿಯಿಲ್ಲ.

ದೊಡ್ಡ ಚಿಕಿತ್ಸೆಗೆ ಆತುರಪಡಬೇಡಿ ಎಂದು ನಾವು ಹೇಳುವುದಕ್ಕೆ ಕಾರಣವಿದೆ. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಕಿವಿ ಮೂಗು ಗಂಟಲಿನ ವೈದ್ಯ ಜೇಮ್ಸ್ ಕಾಸ್ಟನ್ ಈ ನೋವಿಗೆಲ್ಲ ಹಲ್ಲುಗಳ ಕಚ್ಚು ಕುಸಿದದ್ದೇ ಮೂಲವೆಂದು ಬರೆದರು. ಅವರು ಕೊಟ್ಟ ವಿವರಣೆ ಮುಂದೆ ನಿಲ್ಲಲಿಲ್ಲ, ಆದರೂ ಕಚ್ಚು ಸರಿಪಡಿಸುವ ಹೆಸರಿನಲ್ಲಿ ಹಲ್ಲು ಅರೆಯುವುದು ದಶಕಗಳ ಕಾಲ ನಡೆಯಿತು. 1980ರ ದಶಕದಲ್ಲಿ ಅದೇ ದೇಶದಲ್ಲಿ ಬಿಲ್ಲೆ ತೆಗೆದು ಪ್ರೋಪ್ಲಾಸ್ಟ್-ಟೆಫ್ಲಾನ್ ತುಂಡುಗಳನ್ನು ಕೂರಿಸಿದರು. ಅವು ಒಳಗೆ ಪುಡಿಯಾಗಿ ಸುತ್ತಲಿನ ಎಲುಬನ್ನೇ ತಿನ್ನಿಸಿದವು. 1990-91ರ ಹೊತ್ತಿಗೆ ಸರ್ಕಾರ ಅವುಗಳನ್ನು ಹಿಂತೆಗೆಸಬೇಕಾಯಿತು. 2023ರ ಕೊನೆಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗದರ್ಶಿ, ಬಹುಕಾಲದ ದವಡೆ ನೋವಿಗೆ ವ್ಯಾಯಾಮ, ಕೈಚಿಕಿತ್ಸೆ ಹಾಗೂ ನೋವನ್ನು ನಿಭಾಯಿಸುವ ಮನಸ್ಸಿನ ತರಬೇತಿಯನ್ನು ಮೇಲೆ ಇಟ್ಟಿತು. ಬಿಲ್ಲೆ ಕತ್ತರಿಸಿ ತೆಗೆಯುವುದು ಬೇಡವೆಂದು ಕಡ್ಡಿ ಮುರಿದಂತೆ ಹೇಳಿತು. ಶಸ್ತ್ರಚಿಕಿತ್ಸೆ ಬೇಕಾದವರು ಇಲ್ಲವೆಂದಲ್ಲ, ಬಹಳ ಕಡಿಮೆ.

ಆದರೆ ದವಡೆ ಹಿಡಿದದ್ದೆಲ್ಲ ಕೀಲಿನ ತೊಂದರೆಯೆಂದು ಶಾಖ ಕೊಡುತ್ತ ಕೂರುವುದೂ ಅಪಾಯ. ಗುಡ್ಡ ಹತ್ತುವಾಗ ದವಡೆ ನೋಯ್ದು, ನಿಂತರೆ ಶಮನವಾಗುವುದಾದರೆ ಅದು ಹೃದಯದ ಕೂಗಿರಬಹುದು. ಕತ್ತಿ ತಾಗಿ ಅಥವಾ ಮುಳ್ಳು ಚುಚ್ಚಿ ಕೆಲವು ದಿನಗಳ ಮೇಲೆ ದವಡೆ ಬಿಗಿಯತೊಡಗಿದರೆ ಧನುರ್ವಾಯುವನ್ನು ನೆನೆಯಬೇಕು. ಇವೆರಡಕ್ಕೂ ಆಸ್ಪತ್ರೆಯ ದಾರಿ ಹಿಡಿಯಲು ಬೆಳಗಾಗುವುದನ್ನು ಕಾಯಬಾರದು.

ಮಕ್ಕಳ ವಿಷಯ ಇನ್ನೊಂದು. ಪೇರಲೆ ಮರದಿಂದಲೋ ಕಾಲುಸಂಕದಿಂದಲೋ ಬಿದ್ದು ಗದ್ದ ಒಡೆದುಕೊಂಡ ಮಗುವಿಗೆ ಎರಡು ಹೊಲಿಗೆ ಹಾಕಿಸಿ ಮರೆತುಬಿಡುತ್ತೇವೆ. ಪೆಟ್ಟು ಗದ್ದಕ್ಕೆ ಬಿದ್ದರೂ ಮುರಿಯುವುದು ಕಿವಿಯ ಮುಂದಿನ ಕೀಲಿನ ತಲೆಯಾಗಿರಬಹುದು. ಗಮನಿಸದಿದ್ದರೆ ಎಲುಬು ಎಲುಬಿಗೆ ಬೆಸೆದು, ಬಾಯಿ ತೆರೆಯುವುದು ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಕೆಳದವಡೆಯ ಬೆಳವಣಿಗೆಯೂ ಕುಂಠಿತವಾಗಿ ಮುಖ ಓರೆಯಾಗುತ್ತದೆ. ಅಲ್ಲಿ ಶಸ್ತ್ರಚಿಕಿತ್ಸೆ ಬೇಕೇ ಬೇಕು, ಅದರ ಬೆನ್ನಿಗೆ ತಿಂಗಳುಗಟ್ಟಲೆ ಬಾಯಿ ತೆರೆಯುವ ವ್ಯಾಯಾಮವೂ ಬೇಕು. ಮಗು ಅಳುತ್ತದೆಂದು ವ್ಯಾಯಾಮ ಬಿಟ್ಟರೆ ಕೀಲು ಮತ್ತೆ ಬೆಸೆದುಕೊಳ್ಳುತ್ತದೆ. ಗದ್ದಕ್ಕೆ ಪೆಟ್ಟಾದ ಮಗುವಿನ ಕೀಲಿನ ಎಕ್ಸ್‌ರೇ ಬೇಕೇ ಎಂದು ಡಾಕ್ಟರರನ್ನು ಕೇಳಲು ಸಂಕೋಚ ಬೇಡ.

ಇನ್ನು ನಮ್ಮ ಬೆಳೆಯ ಮಾತು. ಇದನ್ನು ಬರೆಯಬಾರದೆಂದು ಹಿತೈಷಿಗಳು ಕೆಲವರು ಹೇಳಿದರು. ಬರೆಯುತ್ತಿದ್ದೇವೆ.

ನಮ್ಮ ಸೀಮೆಯಲ್ಲಿ ಬಾಯಿ ತೆರೆಯಲಾಗದವರಲ್ಲಿ ಕೆಲವರದು ಕೀಲಿನ ರೋಗವೇ ಅಲ್ಲ. ಮೊದಲು ಸಾರು, ಉಪ್ಪಿನಕಾಯಿ ತಾಗಿದರೆ ಬಾಯಿ ಉರಿಯುತ್ತದೆ. ಆಮೇಲೆ ಕೆನ್ನೆಯ ಒಳಭಾಗ ಬಿಳಿಚಿ ಚರ್ಮ ಗಡುಸಾಗುತ್ತದೆ, ಬೆರಳಾಡಿಸಿದರೆ ಹುರಿಯಂಥ ಪಟ್ಟಿಗಳು ಸಿಗುತ್ತವೆ. ಕೀಲಿನ ತೊಂದರೆಯಲ್ಲಿ ಕೆನ್ನೆಯೊಳಗಿನ ಮೆದುತನ ಹೋಗುವುದಿಲ್ಲ, ವ್ಯತ್ಯಾಸ ಇಲ್ಲಿದೆ. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಕೀನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರಲ್ಲಿ ಇದನ್ನು ಗುರುತಿಸಿ ಬರೆದರು. ಕಾರಣ ಅಡಿಕೆ ಜಗಿಯುವುದು. ಅಡಿಕೆಯಲ್ಲಿರುವ ಅರೆಕೋಲಿನ್ ಮತ್ತು ತಾಮ್ರದ ಅಂಶ ಕೆನ್ನೆಯೊಳಗೆ ನಾರು ಬೆಳೆಯುವಂತೆ ಮಾಡುತ್ತವೆ. ಬೆಳೆದ ನಾರು ಪೂರ್ತಿ ಹಿಂದೆ ಸರಿಯುವುದಿಲ್ಲ, ಕೆಲವರಲ್ಲಿ ಅದು ಕ್ಯಾನ್ಸರಿಗೂ ತಿರುಗುತ್ತದೆ. ಹೊಗೆಸೊಪ್ಪು ಸೇರದ ಅಡಿಕೆಯೂ ಕ್ಯಾನ್ಸರಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು.

'ನಮ್ಮಜ್ಜ ಎಂಬತ್ತರವರೆಗೆ ಕವಳ ಹಾಕಿದರು, ಏನೂ ಆಗಲಿಲ್ಲ' ಎಂಬ ಉತ್ತರ ನಮಗೆ ಚೆನ್ನಾಗಿ ಗೊತ್ತು. ಕೊಳೆರೋಗದ ವರ್ಷದಲ್ಲೂ ತೋಟದ ಎಲ್ಲ ಮರಗಳ ಕಾಯಿ ಉದುರುವುದಿಲ್ಲ. ಹಾಗೆಂದು ಯಾರಾದರೂ ಬೋರ್ಡೋ ಸಿಂಪಡಿಸದೆ ಬಿಡುತ್ತಾರೆಯೇ? ಅಜ್ಜ ಊಟವಾದ ಮೇಲೆ ವೀಳ್ಯದೆಲೆಯಲ್ಲಿ ನಾಲ್ಕು ಹೋಳು ಹಾಕಿ ಉಗುಳಿದರು. ಮೊಮ್ಮಗ ಪೊಟ್ಟಣದ ಒಣಪುಡಿಯನ್ನು ಬೆಳಗಿನಿಂದ ಸಂಜೆಯವರೆಗೆ ದವಡೆಯಲ್ಲಿ ಒತ್ತಿಟ್ಟುಕೊಳ್ಳುತ್ತಾನೆ. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅದೇ ಅಂಗಡಿಯಲ್ಲಿ ತೂಗಾಡಿದ್ದನ್ನು ಎಲ್ಲರೂ ಕಂಡಿದ್ದೇವೆ.

ಅಡಿಕೆ ನಮ್ಮ ಅನ್ನ. ಮಕ್ಕಳ ಓದು, ಮನೆಯ ಮದುವೆ, ಬ್ಯಾಂಕಿನ ಕಂತು ಎಲ್ಲವೂ ಆ ಮರದ ತುದಿಯಲ್ಲಿವೆ. ತೋಟ ಕಡಿಯಿರಿ ಎನ್ನುವ ಹುಚ್ಚು ನಮಗಿಲ್ಲ. ಆದರೆ ಅಡಿಕೆ ಸುಲಿಯುವ ಚಪ್ಪರದಲ್ಲಿ ಹದಿನಾರರ ಹುಡುಗ ಬಾಯಿ ತುಂಬ ಹಾಕಿಕೊಂಡು ಕುಳಿತಾಗ ಧಾರಣೆಯ ಭಯದಿಂದ ಸುಮ್ಮನಿರುವುದು ಸರಿಯಲ್ಲ. ನಮ್ಮ ಧಾರಣೆ ಏರುವುದೂ ಇಳಿಯುವುದೂ ಈ ಪತ್ರಿಕೆಯ ನಾಲ್ಕು ಸಾಲಿನಿಂದಲ್ಲ. ಬಾಯಿ ಬಿಗಿಯತೊಡಗಿದವರಿಗೆ ವ್ಯಾಯಾಮ, ಕೆನ್ನೆಗೆ ಕೊಡುವ ಇಂಜಕ್ಷನ್, ಬಿಗಿ ಹೆಚ್ಚಾದರೆ ಪಟ್ಟಿ ಬಿಡಿಸುವ ಶಸ್ತ್ರಚಿಕಿತ್ಸೆ ಎಲ್ಲವೂ ಉಂಟು. ಜಗಿಯುವುದನ್ನು ನಿಲ್ಲಿಸದೆ ಇವು ಯಾವುವೂ ಫಲ ಕೊಡುವುದಿಲ್ಲ. ನಿಲ್ಲಿಸಿದ ಮೇಲೂ ಬಾಯಿಯನ್ನು ಆಗಾಗ ತೋರಿಸುತ್ತಿರಬೇಕು.

ಪರೀಕ್ಷೆ ಸುಲಭ. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಮೇಲೊಂದಿಟ್ಟು ಮುಂಹಲ್ಲುಗಳ ನಡುವೆ ತೂರಿಸಬೇಕು. ತೂರದವರು ದಂತವೈದ್ಯರನ್ನು ಕಾಣಬೇಕು. ಮುಂದಿನ ಸರ್ವಸದಸ್ಯರ ಸಭೆಯ ದಿನ ದಂತವೈದ್ಯರೊಬ್ಬರನ್ನು ಕರೆಸಿ ಸದಸ್ಯರ ಹಾಗೂ ಅವರ ತೋಟದ ಆಳುಗಳ ಬಾಯಿ ಅಳೆಸಬೇಕೆಂದೂ, ಖರ್ಚನ್ನು ಸದಸ್ಯರ ಕ್ಷೇಮನಿಧಿಯಿಂದ ಭರಿಸಬೇಕೆಂದೂ ಆಡಳಿತ ಮಂಡಳಿಯ ಮುಂದೆ ಠರಾವು ಇಡಲಿದ್ದೇವೆ. ಆಕ್ಷೇಪಣೆಯಿದ್ದವರು ಕಛೇರಿಗೆ ಬರೆದು ತಿಳಿಸಬಹುದು. ಅಳೆಸಿಕೊಳ್ಳಲು ಬರುವವರು ದಯವಿಟ್ಟು ಆ ಹೊತ್ತಿಗೆ ಬಾಯಿಯಲ್ಲಿ ಕವಳವಿಲ್ಲದೆ ಬರಬೇಕು.