ನೀರು ಬರುವ ಮುನ್ನವೇ ಕರವೇಕೆ?



1980ರ ಜುಲೈ 21ರಂದು ನರಗುಂದದಲ್ಲಿ ನಡೆದ ರೈತ ಬಂಡಾಯವನ್ನು ಈ ಭಾಗದ ಹಿರಿಯರು ಮರೆತಿರಲಾರರು. ಮಲಪ್ರಭೆಯ ಕಾಲುವೆಯಿಂದ ಹೊಲಗಳ ಬೆಲೆ ಹೆಚ್ಚಿತೆಂದು ಹೇಳಿ ಸರಕಾರ ‘ಬೆಟರ್‌ಮೆಂಟ್ ಲೆವಿ’, ಅಂದರೆ ಅಭಿವೃದ್ಧಿ ಕರವನ್ನು ಕೇಳಿತು. ನೀರು ಸರಿಯಾಗಿ ತಲುಪದ ಹೊಲಕ್ಕೂ ಕರ ಬಿದ್ದಾಗ ರೈತ ಎದ್ದು ನಿಂತ. ಗೋಲಿಬಾರಿನಲ್ಲಿ ಪ್ರಾಣವನ್ನೂ ತೆತ್ತ. ಅಂದು ಈ ಎರೆನೆಲ ಕೇಳಿದ ಪ್ರಶ್ನೆ ಸರಳವಾಗಿತ್ತು: ಕೈಸೇರದ ಲಾಭಕ್ಕೆ ಮೊದಲೇ ಹಣ ತೆರಬೇಕೇಕೆ?

ಅದೇ ತಾಲೂಕಿನ ಶಿರೋಳದಂಥ ಊರುಗಳ ಮನೆಗಳಲ್ಲಿ ಆ ಪ್ರಶ್ನೆಯನ್ನು ಇಂದು ಮತ್ತೊಮ್ಮೆ ಕೇಳಬೇಕಾಗಿದೆ. ಲಗ್ನಪತ್ರಿಕೆ, ಜಾತ್ರೆಯ ಬ್ಯಾನರು, ಪುಸ್ತಕದ ಪುಟವಿನ್ಯಾಸ, ಮದುವೆಯ ಆಲ್ಬಮ್ಮು, ವಿಡಿಯೋ ಜೋಡಣೆ ಮುಂತಾದ ಕೆಲಸಗಳನ್ನು ಮನೆಯಲ್ಲಿಯೇ ಕುಳಿತು ಮಾಡಿ ಗದಗಿಗೂ ಹುಬ್ಬಳ್ಳಿಗೂ ಬೆಂಗಳೂರಿಗೂ ಕಳುಹಿಸಬಹುದಾದ ಕಾಲವಿದು. ಹೀಗೆ ಯಾರ ಹಂಗೂ ಇಲ್ಲದೆ ದುಡಿಯಬಯಸುವ ತರುಣ ತರುಣಿಯರಿಗೆ ಒಂದು ಉಪದೇಶ ಎಲ್ಲ ದಿಕ್ಕುಗಳಿಂದ ಕೇಳಿಬರುತ್ತದೆ: “ಮೊದಲು ಶಕ್ತಿಶಾಲಿಯಾದ ಕಂಪ್ಯೂಟರು ಕೊಳ್ಳಿ, ಕೆಲಸ ತಾನಾಗಿ ಬರುತ್ತದೆ.” ಇದು ಹೊಸ ಬೆಟರ್‌ಮೆಂಟ್ ಲೆವಿಯಲ್ಲದೆ ಬೇರೇನು?

ಕಂಪ್ಯೂಟರು ನಿಧಾನವಾಗಿದೆ ಎಂದಾಗ ಎಲ್ಲಿ ನಿಧಾನವಾಗಿದೆ ಎಂದು ಮೊದಲು ನೋಡಬೇಡವೇ? ಲಗ್ನಪತ್ರಿಕೆಗೂ ಪುಸ್ತಕದ ಪುಟಗಳಿಗೂ ದುಬಾರಿ ಗ್ರಾಫಿಕ್ಸ್ ಕಾರ್ಡು ಬೇಕಿಲ್ಲ. ಹಳೆಯ ಹಾರ್ಡ್ ಡಿಸ್ಕು ಸೆಕೆಂಡಿಗೆ ಸುಮಾರು 100ರಿಂದ 150 ಎಂಬಿ ಓದಿದರೆ, ಸಾಧಾರಣ ಎಸ್‌ಎಸ್‌ಡಿ 500 ಎಂಬಿಯಷ್ಟು ಓದುತ್ತದೆ. ಅದೊಂದನ್ನು ಬದಲಿಸಿದರೆ ಎಷ್ಟೋ ಯಂತ್ರಗಳು ಮರುಜೀವ ಪಡೆಯುತ್ತವೆ. ಮೆಮೊರಿ ಹೆಚ್ಚಿಸುವುದು ಇನ್ನೊಂದು ದಾರಿ. 2025ರ ಕೊನೆಯಲ್ಲಿ ಅದರ ಬೆಲೆ ಒಮ್ಮೆಲೇ ಏರಿತು ನಿಜ. ಆದರೂ ಹೊಸ ಯಂತ್ರದ ಬೆಲೆಗೆ ಅದು ಸಮನಲ್ಲ. ವಿಡಿಯೋ ಜೋಡಿಸುವವರು ‘ಪ್ರಾಕ್ಸಿ’ ಎಂಬ ಹಗುರ ಪ್ರತಿಯ ಮೇಲೆ ಕತ್ತರಿ ಆಡಿಸಿ, ಕಡೆಯಲ್ಲಿ ಮಾತ್ರ ಮೂಲ ದೃಶ್ಯಗಳನ್ನು ಬಳಸಬಹುದು. ಇಂಕ್‌ಸ್ಕೇಪ್, ಗಿಂಪ್, ಬ್ಲೆಂಡರ್‌ಗಳು ಉಚಿತವಾಗಿಯೇ ದೊರೆಯುತ್ತವೆ. ಇವನ್ನೆಲ್ಲ ಹೇಳದೆ “ಹೊಸದನ್ನೇ ತಗೊಳ್ಳಿ” ಎನ್ನುವವನು ವ್ಯಾಪಾರಿಯೇ ಹೊರತು ಸಲಹೆಗಾರನಲ್ಲ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು. ಸುಸ್ಥಿತಿಯಲ್ಲಿದ್ದ ಎಷ್ಟೋ ಹಳೆಯ ಯಂತ್ರಗಳು ವಿಂಡೋಸ್ 11ರ ಷರತ್ತುಗಳಿಗೆ ಒಗ್ಗದೆ ಹೋದವು. ಅಂತರ್ಜಾಲಕ್ಕೆ ತೆರೆದುಕೊಂಡು ಗಿರಾಕಿಗಳ ಕಡತಗಳನ್ನು ಇಟ್ಟುಕೊಂಡಿರುವವರು ಸುರಕ್ಷತೆಯನ್ನು ಕಡೆಗಣಿಸಬಾರದೆಂಬುದು ಸತ್ಯ. ಆದರೆ ಅಂಥ ಯಂತ್ರದಲ್ಲಿ ಲಿನಕ್ಸ್ ಹಾಕಿಕೊಂಡು ದುಡಿಯುವ ದಾರಿಯೂ ಇದೆ. ಯಂತ್ರ ಹಳೆಯದಾಯಿತೆಂದು ನಿರ್ಧರಿಸುವವನು ಅದರಲ್ಲಿ ದುಡಿಯುವವನಾಗಿರಬೇಕು, ಮಾರುವವನಲ್ಲ.

“ಹಣವಿಲ್ಲದಿದ್ದರೇನು, ಶೂನ್ಯ ಬಡ್ಡಿಯ ಕಂತು ಇದೆಯಲ್ಲ!” ಎಂಬ ಮಾತೂ ಬರುತ್ತದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಬೇರೆ ಹೆಸರಿನಲ್ಲಿ ಮರೆಮಾಚಲಾಗುತ್ತದೆ ಎಂದು 2013ರಲ್ಲಿಯೇ ರಿಸರ್ವ್ ಬ್ಯಾಂಕು ಬ್ಯಾಂಕುಗಳನ್ನು ಎಚ್ಚರಿಸಿತ್ತು. ಕಂತು ಪ್ರತಿ ತಿಂಗಳೂ ತಪ್ಪದೆ ಬರುತ್ತದೆ. ಸ್ವತಂತ್ರವಾಗಿ ದುಡಿಯುವವರಿಗೆ ಕೆಲಸ ಹಾಗೆ ಬರುವುದಿಲ್ಲ. ಮದುವೆಯ ಹಂಗಾಮಿನಲ್ಲಿ ರಾತ್ರಿಯೆಲ್ಲ ನಿದ್ದೆಯಿಲ್ಲ, ಅದು ಮುಗಿದರೆ ಕೈಯಲ್ಲಿ ಕೆಲಸವಿಲ್ಲ. ಮಳೆಯನ್ನು ನಂಬಿ ಸಾಲ ಮಾಡಿದವರ ಪಾಡು ನಮ್ಮ ರೈತ ಕುಟುಂಬಗಳಿಗೆ ಯಾರೂ ವಿವರಿಸಬೇಕಾಗಿಲ್ಲ.

ಇಷ್ಟನ್ನು ಓದಿದ ತಂದೆತಾಯಿಗಳು, “ನಾವೂ ಅದನ್ನೇ ಹೇಳುತ್ತಿದ್ದೆವು, ಕಂಪ್ಯೂಟರು ಬರೀ ದುಂದು” ಎಂದು ಹಿಗ್ಗಬಾರದು. ಏಕೆಂದರೆ ಮುಂದಿನ ಮಾತು ನಿಮಗೇ.

ಟ್ರ್ಯಾಕ್ಟರಿಗೆ ಸಾಲ ಮಾಡಿದರೆ ಅದು ಒಕ್ಕಲುತನ. ಮದುವೆಯ ಪೆಂಡಾಲಿಗೆ ಸಾಲ ಮಾಡಿದರೆ ಅದು ಮನೆತನದ ಮರ್ಯಾದೆ. ಮಗಳು ತಾನು ದುಡಿಯುವ ಯಂತ್ರಕ್ಕೆ ಹಣ ಕೇಳಿದರೆ ಮಾತ್ರ ಅದು ಶೋಕಿಯೇ? ಒಂದು ಲೆಕ್ಕ ಹಾಕೋಣ. ತೊಂಬತ್ತು ಸಾವಿರ ರೂಪಾಯಿಯ ಯಂತ್ರ ನಾಲ್ಕು ವರ್ಷ ಬಾಳುತ್ತದೆ, ತಿಂಗಳಿಗೆ 25 ದಿನ ಅದರಲ್ಲಿ ಕೆಲಸ ನಡೆಯುತ್ತದೆ ಎನ್ನೋಣ. ಒಟ್ಟು 1200 ದಿನ. ದಿನಕ್ಕೆ 75 ರೂಪಾಯಿ. ಆಕೆಗೆ ಈಗಾಗಲೇ ಕೆಲಸ ಬರುತ್ತಿದ್ದು, ಯಂತ್ರದ ನಿಧಾನದಿಂದಲೇ ಕೆಲಸ ಕೈತಪ್ಪುತ್ತಿದ್ದರೆ, ಆ 75 ರೂಪಾಯಿ ದುಂದಲ್ಲ, ಬಿತ್ತನೆಯ ಬೀಜ. ಕೆಲಸವೇ ಇಲ್ಲದಿದ್ದರೆ ಮಾತ್ರ ಅದು ಬರಡು ನೆಲಕ್ಕೆ ಚೆಲ್ಲಿದ ಬೀಜ. ಯಂತ್ರ ಕೊಳ್ಳಬೇಕೋ ಬೇಡವೋ ಎಂಬುದನ್ನು ಈ ಲೆಕ್ಕವೇ ತೀರ್ಮಾನಿಸಲಿ; ಮಾರುವವನ ಆಸೆಯಾಗಲಿ ಮನೆಯ ಹಿರಿಯರ ಅಸಡ್ಡೆಯಾಗಲಿ ತೀರ್ಮಾನಿಸುವುದು ಬೇಡ.

ಆದರೆ ದಿನದ ಆ 75 ರೂಪಾಯಿಯನ್ನು ಕೊಡಬೇಕಾದವರು ಯಾರು? ಕೆಲಸ ಮಾಡಿಸಿಕೊಳ್ಳುವವರು. ಇಲ್ಲಿಯೇ ನಮ್ಮ ಸಮಾಜದ ದೊಡ್ಡ ಅನ್ಯಾಯ ಅಡಗಿದೆ. ಧರ್ಮಕೇಂದ್ರದ ಹಬ್ಬದ ಸ್ಮರಣ ಸಂಚಿಕೆಯಿರಲಿ, ಶಾಲೆಯ ವಾರ್ಷಿಕೋತ್ಸವದ ಬ್ಯಾನರಿರಲಿ, ನೆಂಟರ ಮನೆಯ ಲಗ್ನಪತ್ರಿಕೆಯಿರಲಿ, “ನಮ್ಮ ಹುಡುಗನೇ, ಮಾಡಿಕೊಡುತ್ತಾನೆ ಬಿಡಿ” ಎನ್ನುವುದು ರೂಢಿಯಾಗಿದೆ. ಮುದ್ರಣಾಲಯದವರಿಗೆ ಬಿಲ್ಲಿನ ಪ್ರಕಾರ ಹಣ, ಪೆಂಡಾಲಿನವರಿಗೆ ಮುಂಗಡ, ಅಡುಗೆಯವರಿಗೆ ಎಲೆ ಅಡಿಕೆಯೊಂದಿಗೆ ಸಂಭಾವನೆ. ವಾರಗಟ್ಟಲೆ ಕಣ್ಣು ಕೆಂಪಗೆ ಮಾಡಿಕೊಂಡು ಪುಟ ಕಟ್ಟಿದವರಿಗೆ ವೇದಿಕೆಯ ಮೇಲೊಂದು ಶಾಲು! ಶಾಲಿನಿಂದ ಎಸ್‌ಎಸ್‌ಡಿ ಕೊಳ್ಳಲಾದೀತೇ? ಪ್ರೀತಿಯಿಂದ ತಾನಾಗಿ ಕೊಟ್ಟರೆ ಅದು ಸೇವೆ. ಸಂಕೋಚಕ್ಕೆ ಸಿಲುಕಿಸಿ ಪಡೆದರೆ ಅದು ಬಿಟ್ಟಿ ಚಾಕರಿ.

ಇನ್ನು, ಒಬ್ಬೊಬ್ಬರೂ ಒಂದೊಂದು ದುಬಾರಿ ಯಂತ್ರ ಕೊಳ್ಳಲೇಬೇಕೆ? ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಒಬ್ಬನಿಂದಾಗದ್ದು ಹತ್ತು ಜನರಿಂದ ಆಗುತ್ತದೆಂಬ ಪಾಠವನ್ನು ದೇಶಕ್ಕೆ ಕಲಿಸಿದ್ದು ಇದೇ ಜಿಲ್ಲೆಯ ಮಣ್ಣು. ಶಿರೋಳದ ನಾಲ್ಕೈದು ತರುಣ ತರುಣಿಯರು ಸೇರಿ ಒಂದು ಕೋಣೆಯಲ್ಲಿ ಒಂದೇ ಶಕ್ತಿಶಾಲಿ ಯಂತ್ರವಿಟ್ಟುಕೊಳ್ಳಲಿ. ದಿನನಿತ್ಯದ ಕೆಲಸ ಅವರವರ ಸಾಧಾರಣ ಕಂಪ್ಯೂಟರುಗಳಲ್ಲಿ ನಡೆಯಲಿ. ವಿಡಿಯೋದ ಕಡೆಯ ರೂಪ ತೆಗೆಯುವಂಥ ಭಾರದ ಕೆಲಸಕ್ಕೆ ಸರದಿಯಂತೆ ಅದನ್ನು ಬಳಸಲಿ. ಖರ್ಚು ಹಂಚಿಹೋಗುತ್ತದೆ, ಒಬ್ಬರಿಗೆ ತಿಳಿಯದ್ದನ್ನು ಇನ್ನೊಬ್ಬರು ಕಲಿಸುತ್ತಾರೆ.

ಓದುಗರೇ, ಕಾಲುವೆಗೆ ನೀರು ಬಂದ ಮೇಲೆ ಕರ ಕಟ್ಟಲು ನಮ್ಮ ರೈತ ಎಂದೂ ಹಿಂಜರಿದವನಲ್ಲ. ನಿಮ್ಮ ಮನೆಯ ಮಕ್ಕಳ ಹೊಲಕ್ಕೆ ನೀರು ಹಾಯಿಸುವುದು ನಿಮ್ಮ ಕೈಯಲ್ಲಿದೆ. ಮುಂದಿನ ಬಾರಿ ಪತ್ರಿಕೆಯನ್ನೋ ಸಂಚಿಕೆಯನ್ನೋ ಮಾಡಿಸುವಾಗ ಶಾಲನ್ನು ಬದಿಗಿಟ್ಟು, ಕೆಲಸ ಆರಂಭವಾಗುವ ಮುನ್ನವೇ, “ಇದಕ್ಕೆ ನಿನ್ನ ಕೂಲಿ ಎಷ್ಟಾಗುತ್ತದೆ?” ಎಂದು ಕೇಳಿರಿ, ಕೇಳಿದಷ್ಟನ್ನು ಹೇಳಿದ ದಿನಕ್ಕೆ ಕೊಡಿರಿ. ಯಂತ್ರದ ಚಿಂತೆಯನ್ನು ಆಮೇಲೆ ಅವರೇ ನೋಡಿಕೊಳ್ಳುತ್ತಾರೆ.