‘ಅನಿವಾರ್ಯ’ ಎಂಬ ಮಾತು ಮತ್ತು ನೇಕಾರನ ಮಗ್ಗ

ನಮ್ಮ ವಿಚಾರ ಸಂಕಿರಣಗಳಲ್ಲಿ ಯಂತ್ರದ ಪ್ರಸ್ತಾಪ ಬಂದಾಗಲೆಲ್ಲ ಒಬ್ಬರಾದರೂ ಎದ್ದು ನಿಂತು ‘ಕಾಲಚಕ್ರವನ್ನು ಹಿಂದಕ್ಕೆ ತಿರುಗಿಸಲಾಗದು’ ಎನ್ನುತ್ತಾರೆ. ಸಭೆ ತಲೆದೂಗುತ್ತದೆ, ಚರ್ಚೆ ಅಲ್ಲಿಗೆ ಮುಗಿಯುತ್ತದೆ. ಮೊದಲು ಈ ಮಾತು ಟ್ರ್ಯಾಕ್ಟರಿನ ಬಗ್ಗೆ ಬಂತು, ಆಮೇಲೆ ಕಂಪ್ಯೂಟರಿನ ಬಗ್ಗೆ, ಈಗ ಕೃತಕ ಬುದ್ಧಿಮತ್ತೆಯ ಬಗ್ಗೆ. ಕೆಲಸ ಕಳೆದುಕೊಳ್ಳುವವರ ಗತಿಯೇನು ಎಂದು ಯಾರಾದರೂ ಕೇಳಿದರೆ ಅವರಿಗೆ ಸಿದ್ಧವಾದ ಒಂದು ಬಿರುದೂ ಇದೆ: ಲುಡ್ಡೈಟ್. ಯಂತ್ರ ಒಡೆಯುವ ಅಜ್ಞಾನಿ ಎಂದು ಅದರ ಅರ್ಥವಂತೆ. ಬೆಂಗಳೂರಿನ ತಂತ್ರಜ್ಞರ ಬಾಯಲ್ಲಿ ಸಲೀಸಾಗಿ ಹೊರಡುವ ಈ ಬೈಗುಳದ ಹಿಂದೆ ನೇಕಾರರ ಒಂದು ಕತೆ ಇದೆ ಎಂಬುದು ಬೈಯುವವರಿಗೂ ಗೊತ್ತಿರುವುದಿಲ್ಲ, ಬೈಸಿಕೊಂಡವರಿಗೂ ಗೊತ್ತಿರುವುದಿಲ್ಲ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸೀಮೆಯಲ್ಲಿ 1811ರಲ್ಲಿ ಕಾಲುಚೀಲ ಹೆಣೆಯುವ ಕುಶಲಕರ್ಮಿಗಳು ರಾತ್ರಿ ಹೊತ್ತು ನುಗ್ಗಿ ಮಗ್ಗಗಳನ್ನು ಒಡೆಯತೊಡಗಿದರು. ಗಮನಿಸಬೇಕಾದ ಸಂಗತಿಯೆಂದರೆ, ಅವರು ಒಡೆದ ಮಗ್ಗ ಹೊಸದೇನಲ್ಲ. ಅದನ್ನು ವಿಲಿಯಂ ಲೀ ಎಂಬಾತ 1589ರಲ್ಲೇ ಕಂಡುಹಿಡಿದಿದ್ದ. ಇನ್ನೂರು ವರ್ಷಗಳಿಂದ ಅದರ ಮೇಲೆಯೇ ದುಡಿದು ಉಂಡವರು ಅವರು. ಎಲ್ಲ ಮಗ್ಗಗಳನ್ನೂ ಅವರು ಮುಟ್ಟಲಿಲ್ಲ. ಅಗಲ ಮಗ್ಗದಲ್ಲಿ ಬಟ್ಟೆ ನೇಯ್ದು, ಕತ್ತರಿಸಿ, ಹೊಲಿದು, ಕಾಲುಚೀಲವೆಂದು ಮಾರುತ್ತಿದ್ದ ಮತ್ತು ಕೂಲಿ ಇಳಿಸಿದ್ದ ಮಾಲೀಕರ ಮಗ್ಗಗಳನ್ನು ಹುಡುಕಿ ಒಡೆದರು, ಪಕ್ಕದ ಮಗ್ಗಗಳನ್ನು ಹಾಗೆಯೇ ಬಿಟ್ಟರು. ಅಜ್ಞಾನಿಗಳು ಹೀಗೆ ಆರಿಸಿ ಒಡೆಯುವುದಿಲ್ಲ. ಸರ್ಕಾರ ಸಾವಿರಾರು ಸೈನಿಕರನ್ನು ಕಳಿಸಿತು. 1812ರಲ್ಲಿ ಮಗ್ಗ ಒಡೆದವನಿಗೆ ಮರಣದಂಡನೆ ಎಂದು ಕಾನೂನು ಮಾಡಿತು. ಪ್ರಭುಗಳ ಸಭೆಯಲ್ಲಿ ತನ್ನ ಮೊದಲ ಭಾಷಣವನ್ನೇ ಈ ಮಸೂದೆಯ ವಿರುದ್ಧ ಮಾಡಿದವನು ಕವಿ ಬೈರನ್. ಮರುವರ್ಷ ಯಾರ್ಕ್ ನಗರದಲ್ಲಿ ಹದಿನೇಳು ಮಂದಿಯನ್ನು ನೇಣಿಗೆ ಹಾಕಲಾಯಿತು.

ಯಂತ್ರವು ಮಳೆಯಂತೆ, ಗಾಳಿಯಂತೆ ತಾನಾಗಿ ಬರುವುದಾದರೆ ಅದಕ್ಕೆ ಸೈನ್ಯದ ಕಾವಲೇಕೆ ಬೇಕು? ನೇಣುಗಂಬವೇಕೆ ಬೇಕು? ನಾವು ಎತ್ತಬೇಕೆಂದಿರುವ ಪ್ರಶ್ನೆ ಇಷ್ಟೇ. ಯಂತ್ರ ಬೇಕೋ ಬೇಡವೋ ಎಂಬ ಹಳೆಯ ಜಗಳ ನಮಗೆ ಬೇಡ. ಅನಿವಾರ್ಯ ಎಂದು ನಮ್ಮ ಮುಂದೆ ಇಡಲಾಗುವ ಪ್ರತಿಯೊಂದು ಬದಲಾವಣೆಯ ಹಿಂದೆಯೂ ಒಂದು ತೆರಿಗೆ, ಒಂದು ಕಾಯ್ದೆ, ಒಂದು ಸಹಾಯಧನ ಕೂತಿರುತ್ತದೆ. ಅದನ್ನು ಯಾರು ಬರೆದರು, ಯಾರಿಗಾಗಿ ಬರೆದರು ಎಂದು ಕೇಳುವ ಹಕ್ಕನ್ನು ಬಿಟ್ಟುಕೊಡಬಾರದು ಎಂಬುದಷ್ಟೇ ನಮ್ಮ ವಾದ.

ನಮ್ಮ ದೇಶದ ಬಟ್ಟೆಯ ಕತೆಯನ್ನೇ ನೋಡೋಣ. ಲಂಕಾಷೈರಿನ ಗಿರಣಿಗಳು ತಮ್ಮ ಜಾಣ್ಮೆಯಿಂದಲೇ ಭಾರತದ ನೇಕಾರನನ್ನು ಸೋಲಿಸಿದವು ಎಂದು ಶಾಲೆಯಲ್ಲಿ ಓದಿದ್ದೇವೆ. ಜಾಣ್ಮೆ ಇತ್ತು ಎಂಬುದು ನಿಜ. ಆದರೆ ಆ ಗಿರಣಿಗಳು ಹುಟ್ಟುವ ಮೊದಲೇ, 1700ರಲ್ಲಿ ಮತ್ತು 1721ರಲ್ಲಿ, ಇಂಗ್ಲೆಂಡಿನ ಸಂಸತ್ತು ಕಾಯ್ದೆ ಮಾಡಿ ಭಾರತದ ಅಚ್ಚಿನ ಹತ್ತಿಬಟ್ಟೆಗೆ ಬಾಗಿಲು ಹಾಕಿತ್ತು. ಆ ಗೋಡೆಯ ಮರೆಯಲ್ಲಿ ಅವರ ಉದ್ಯಮ ಬೆಳೆಯಿತು. ಬೆಳೆದು ಬಲಿತ ಮೇಲೆ ಅವರು ಜಗತ್ತಿಗೆಲ್ಲ ಮುಕ್ತ ವ್ಯಾಪಾರದ ಉಪದೇಶ ಆರಂಭಿಸಿದರು. ಉಪದೇಶವನ್ನಾದರೂ ಪ್ರಾಮಾಣಿಕವಾಗಿ ಪಾಲಿಸಿದರೇ? 1890ರ ದಶಕದಲ್ಲಿ ಬೊಕ್ಕಸದ ಕೊರತೆ ತುಂಬಲು ಭಾರತ ಸರ್ಕಾರ ಆಮದು ಬಟ್ಟೆಗೆ ಸುಂಕ ಹಾಕಬೇಕಾಗಿ ಬಂದಾಗ ಲಂಕಾಷೈರ್ ಗುಲ್ಲೆಬ್ಬಿಸಿತು. ಅದನ್ನು ಸಮಾಧಾನಪಡಿಸಲು 1896ರಲ್ಲಿ ವಿದೇಶಿ ಬಟ್ಟೆಗೆ ಶೇ. 3.5ರಷ್ಟು ಸುಂಕವಿಟ್ಟು, ಭಾರತದ ಗಿರಣಿ ಬಟ್ಟೆಗೂ ಅಷ್ಟೇ ಪ್ರಮಾಣದ ಅಬಕಾರಿ ತೆರಿಗೆ ಜಡಿಯಲಾಯಿತು. ತನ್ನದೇ ನಾಡಿನ ಉದ್ಯಮಕ್ಕೆ ದಂಡ ಹಾಕುವ ಈ ವಿಚಿತ್ರ ತೆರಿಗೆ ಸುಮಾರು ಮೂವತ್ತು ವರ್ಷ ಬಾಳಿತು. ಇದು ಯಂತ್ರದ ಗೆಲುವೋ, ಸುಂಕದ ಗೆಲುವೋ ಎಂದು ಓದುಗರೇ ತೀರ್ಮಾನಿಸಲಿ.

ಇಲ್ಲಿ ನಮ್ಮ ಕಡೆಯ ಒಂದು ತಪ್ಪನ್ನೂ ಹೇಳಿಬಿಡಬೇಕು. ಢಾಕಾದ ಮಸ್ಲಿನ್ ನೇಕಾರರ ಹೆಬ್ಬೆರಳನ್ನು ಇಂಗ್ಲಿಷರು ಕತ್ತರಿಸಿದರು ಎಂಬ ಕತೆಯನ್ನು ನಮ್ಮ ಭಾಷಣಕಾರರು ಈಗಲೂ ಹೇಳುತ್ತಾರೆ. ಕಂಪನಿಯಲ್ಲೇ ಕೆಲಸ ಮಾಡಿದ್ದ ವಿಲಿಯಂ ಬೋಲ್ಟ್ಸ್ 1772ರಲ್ಲಿ ಬರೆದದ್ದು ಬೇರೆಯೇ: ಬಲವಂತದ ದುಡಿಮೆಯಿಂದ ತಪ್ಪಿಸಿಕೊಳ್ಳಲು ಬಂಗಾಳದ ರೇಷ್ಮೆ ಸುತ್ತುವವರು ತಮ್ಮ ಹೆಬ್ಬೆರಳನ್ನು ತಾವೇ ಕತ್ತರಿಸಿಕೊಂಡರು ಎಂದು. ಯೋಚಿಸಿ ನೋಡಿದರೆ, ಬೇರೆಯವರು ಕತ್ತರಿಸಿದ್ದಕ್ಕಿಂತ ಇದು ಭೀಕರವಾದುದು. ಇಂಥ ಸತ್ಯ ಕೈಯಲ್ಲಿರುವಾಗ ಸುಳ್ಳಿನ ಹಂಗೇಕೆ?

ಕೈಮಗ್ಗ ಪೂರ್ತಿ ಸಾಯಲಿಲ್ಲ, ಹೊಂದಿಕೊಂಡು ಬದುಕಿತು ಎಂದು ತೀರ್ಥಂಕರ ರಾಯ್ ಅವರಂಥ ಆರ್ಥಿಕ ಇತಿಹಾಸಕಾರರು ವಾದಿಸಿದ್ದಾರೆ. ಅದರಲ್ಲಿ ಹುರುಳಿದೆ. ನೇಕಾರ ಗಿರಣಿಯ ನೂಲನ್ನೇ ತಂದು ನೇಯ್ದ, ದಾರ ಎಳೆದರೆ ತಾನೇ ಓಡುವ ಹೊಸ ಲಾಳಿಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಾನಾಗಿಯೇ ಒಪ್ಪಿಕೊಂಡ. ಆದರೆ ಈ ವಾದದಲ್ಲಿ ಮರೆಗೆ ಸರಿಯುವವರು ಯಾರೆಂದರೆ ಚರಕದಲ್ಲಿ ನೂಲು ತೆಗೆಯುತ್ತಿದ್ದ ಹೆಂಗಸರು. ಮಗ್ಗ ಉಳಿಯಿತು, ಚರಕ ಹೋಯಿತು. ಮನೆಯ ಮೂಲೆಯಲ್ಲಿ ಕೂತು ನೂಲಿ ಹೊಟ್ಟೆ ಹೊರೆಯುತ್ತಿದ್ದ ವಿಧವೆಯರ, ಮುದುಕಿಯರ ಆ ದುಡಿಮೆ ಯಾವ ಗದ್ದಲವೂ ಇಲ್ಲದೆ ಮಾಯವಾಯಿತು. ಅವರು ಯಂತ್ರ ಒಡೆಯಲಿಲ್ಲ. ಆದ್ದರಿಂದ ಅವರಿಗೆ ಬೈಗುಳದ ಹೆಸರೂ ದಕ್ಕಲಿಲ್ಲ.

ಉತ್ತರ ಭಾರತದ ಮುಸ್ಲಿಂ ನೇಕಾರರಿಗೆ ಮಾತ್ರ ಅದು ಚೆನ್ನಾಗಿಯೇ ದಕ್ಕಿತು. ಕಬೀರನ ಕುಲದವರಾದ ಈ ಜುಲಾಹರನ್ನು ವಸಾಹತುಶಾಹಿ ಅಧಿಕಾರಿಗಳು ತಮ್ಮ ವರದಿಗಳಲ್ಲಿ ‘ಮತಾಂಧ’ರೆಂದು ಬರೆದರು. ಆ ಅಧಿಕಾರಿಗಳು ಸಂಗ್ರಹಿಸಿದ ಗಾದೆಗಳ ಪುಸ್ತಕಗಳಲ್ಲಿ ಜುಲಾಹ ಎಂದರೆ ಪೆದ್ದ. ಕೆಲಸ ಕಳೆದುಕೊಂಡು, ಸಾಲದಲ್ಲಿ ಮುಳುಗಿ, ಊರಿನ ಮಾನಕ್ಕಾಗಿ ಬೀದಿಗಿಳಿದ ಒಂದು ಸಮುದಾಯದ ಸಿಟ್ಟನ್ನು ಅದರ ಹುಟ್ಟುಗುಣವೆಂದು ಬರೆದಿಟ್ಟುಬಿಟ್ಟರೆ ಸಾಕು, ನೂಲಿನ ಬೆಲೆ ಯಾಕೆ ಏರಿತು ಎಂಬ ಪ್ರಶ್ನೆಗೆ ಉತ್ತರಿಸಬೇಕಾಗಿಲ್ಲ. ಈ ಕಸರತ್ತನ್ನು ಇತಿಹಾಸಕಾರ ಜ್ಞಾನೇಂದ್ರ ಪಾಂಡೆ ಎಳೆಎಳೆಯಾಗಿ ಬಿಡಿಸಿದ್ದಾರೆ. ಇಂಗ್ಲೆಂಡಿನಲ್ಲಿ ‘ಲುಡ್ಡೈಟ್’ ಎಂಬ ಪದ ಮಾಡಿದ ಕೆಲಸವನ್ನೇ ಇಲ್ಲಿ ‘ಮತಾಂಧ ಜುಲಾಹ’ ಎಂಬ ಪದ ಮಾಡಿತು.

ಹಾಗಾದರೆ ಆ ಪೆದ್ದ ಜುಲಾಹ ಮುಂದೆ ಮಾಡಿದ್ದೇನು? 1857ರ ನಂತರ ಬನಾರಸ್, ಆಜಂಗಢ, ಮೌ ಕಡೆಗಳಿಂದ ಗುಳೆ ಹೊರಟ ಈ ಕುಟುಂಬಗಳು ಮಾಲೆಗಾಂವ್, ಭಿವಂಡಿಗಳಲ್ಲಿ ನೆಲೆಸಿದವು. ಇಪ್ಪತ್ತನೆಯ ಶತಮಾನದಲ್ಲಿ ಮುಂಬೈಯ ಗಿರಣಿಗಳು ಹಳತಾಯಿತೆಂದು ಎಸೆದ ವಿದ್ಯುತ್ ಮಗ್ಗಗಳನ್ನು ಕೊಂಡು ತಂದು, ದುರಸ್ತಿ ಮಾಡಿ, ಮನೆಯ ಪಕ್ಕದಲ್ಲೇ ನಿಲ್ಲಿಸಿ ಓಡಿಸಿದರು. ದೇಶದ ದೊಡ್ಡ ವಿದ್ಯುತ್ ಮಗ್ಗದ ಊರುಗಳು ಹುಟ್ಟಿದ್ದು ಹೀಗೆ. ನೇಕಾರ ಯಂತ್ರದ್ವೇಷಿ ಎನ್ನುವವರು ಒಮ್ಮೆ ಮಾಲೆಗಾಂವಿಗೆ ಹೋಗಿ ಆ ಸದ್ದು ಕೇಳಿ ಬರಬೇಕು. ಯಂತ್ರ ತನ್ನ ಕೈಗೆ ಬರುವುದಾದರೆ ನೇಕಾರ ಅದನ್ನು ಬಿಟ್ಟಿಲ್ಲ. ತನ್ನನ್ನು ಬೀದಿಗೆ ತಳ್ಳಲು ಬಂದಾಗಷ್ಟೇ ಅವನು ತಕರಾರು ಎತ್ತಿದ್ದು.

ಸ್ವದೇಶಿಯವರ ಪಾಲಿಗೂ ಒಂದು ಮಾತು. 1905ರಲ್ಲಿ ಬಂಗಾಳದಲ್ಲಿ ವಿದೇಶಿ ಬಟ್ಟೆ ಸುಡಲಾಯಿತು. ಆದರೆ ಅಗ್ಗದ ಬಟ್ಟೆಯನ್ನೇ ನಂಬಿದ್ದ ಬಡ ಮುಸ್ಲಿಂ ರೈತರ ಮೇಲೆ, ಕೆಳಜಾತಿಗಳ ಮೇಲೆ ಜಮೀನ್ದಾರರ ಮೂಲಕ ಒತ್ತಡ ತಂದು ದುಬಾರಿ ಬಟ್ಟೆ ಹೊರಿಸಿದ್ದೂ ನಡೆಯಿತು. ಸ್ವದೇಶಿಯ ಮುಂಚೂಣಿಯಲ್ಲಿದ್ದ ರವೀಂದ್ರನಾಥ ಠಾಕೂರರು ಬೇಸತ್ತು ಹಿಂದೆ ಸರಿದದ್ದಕ್ಕೆ ಇದೂ ಒಂದು ಕಾರಣ. ‘ಘರೆ ಬಾಯಿರೆ’ ಕಾದಂಬರಿಯಲ್ಲಿ ಈ ನೋವು ಇದೆ. ಕೊಳ್ಳುವ ಬಡವನನ್ನು ಹಿಂಡಿ ನೇಯುವ ಬಡವನನ್ನು ಉಳಿಸುವ ದಾರಿ ನಮಗೂ ಒಪ್ಪಿಗೆಯಿಲ್ಲ.

ಸ್ವಾತಂತ್ರ್ಯದ ನಂತರದ ಕತೆ ಇನ್ನೂ ಸ್ಪಷ್ಟವಾಗಿದೆ, ಏಕೆಂದರೆ ಇಲ್ಲಿ ದೂರಲು ಇಂಗ್ಲಿಷರಿಲ್ಲ. ಒಂದು ವಿದ್ಯುತ್ ಮಗ್ಗ ಆರು ಕೈಮಗ್ಗಗಳನ್ನು ನಿಲ್ಲಿಸುತ್ತದೆ ಎಂದು ಶಿವರಾಮನ್ ಸಮಿತಿ 1974ರಲ್ಲಿ ಲೆಕ್ಕ ಕೊಟ್ಟಿತ್ತು. 1985ರಲ್ಲಿ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ ಬಂತು. ಮೊದಲು ಪಟ್ಟಿಯಲ್ಲಿ 22 ಬಗೆಗಳಿದ್ದವು. ವಿದ್ಯುತ್ ಮಗ್ಗದವರು ನ್ಯಾಯಾಲಯಕ್ಕೆ ಹೋದರು. 1993ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ನ್ಯಾಯಾಲಯದಲ್ಲಿ ಗೆದ್ದ ನೇಕಾರ ಕಚೇರಿಯಲ್ಲಿ ಸೋತ: ಪಟ್ಟಿ 11ಕ್ಕೆ ಇಳಿಯಿತು. ಕೈಮಗ್ಗಕ್ಕೆ ಬೇಕಾದುದು ಲಡಿ ನೂಲು. ಗಿರಣಿಗಳು ಮಾರುವ ನೂಲಿನಲ್ಲಿ ಅರ್ಧದಷ್ಟನ್ನು ಲಡಿಯಲ್ಲೇ ಕೊಡಬೇಕೆಂಬ ನಿಯಮವಿತ್ತು. ಅದನ್ನು 2003ರಲ್ಲಿ ಶೇ. 40ಕ್ಕೂ 2019ರಲ್ಲಿ ಶೇ. 30ಕ್ಕೂ ಇಳಿಸಲಾಯಿತು. ಇನ್ನೊಂದೆಡೆ, 1999ರಲ್ಲಿ ಆರಂಭವಾದ ತಂತ್ರಜ್ಞಾನ ಉನ್ನತೀಕರಣ ನಿಧಿ ಯೋಜನೆಯಲ್ಲಿ ಹೊಸ ಯಂತ್ರ ತರಿಸುವ ಉದ್ಯಮಿಯ ಸಾಲದ ಬಡ್ಡಿಯಲ್ಲಿ ಶೇ. 5ರಷ್ಟನ್ನು ಸರ್ಕಾರವೇ ಭರಿಸಿತು. ನೇಕಾರ ಅಂಗಡಿಯಲ್ಲಿ ಬೆಂಕಿಪೆಟ್ಟಿಗೆ ಕೊಂಡಾಗ ಕಟ್ಟಿದ ತೆರಿಗೆಯೂ ಆ ಬಡ್ಡಿಯೊಳಗೆ ಸೇರಿದೆ. ಇದನ್ನೇ ನಮ್ಮವರು ‘ಮಾರುಕಟ್ಟೆಯ ಸಹಜ ಗತಿ’ ಎನ್ನುತ್ತಾರೆ.

1995ರ ಗಣತಿಯಲ್ಲಿ ದೇಶದಲ್ಲಿ ಕೈಮಗ್ಗವನ್ನು ನಂಬಿ ದುಡಿಯುವವರು 65 ಲಕ್ಷಕ್ಕೂ ಹೆಚ್ಚು. 2009-10ರಲ್ಲಿ 43.31 ಲಕ್ಷ, 2019-20ರಲ್ಲಿ 35.22 ಲಕ್ಷ. ಈ ಕೊನೆಯ ಗಣತಿಯ ಪ್ರಕಾರ ಇವರಲ್ಲಿ ನೂರಕ್ಕೆ 72 ಮಂದಿ ಹೆಂಗಸರು. ಮೂರರಲ್ಲಿ ಎರಡು ನೇಕಾರ ಕುಟುಂಬಗಳ ತಿಂಗಳ ಆದಾಯ ಐದು ಸಾವಿರ ರೂಪಾಯಿಯನ್ನೂ ಮುಟ್ಟುವುದಿಲ್ಲ. ಸ್ವದೇಶಿ ಚಳವಳಿಯ ನೆನಪಿಗೆಂದು ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವೆಂದು 2015ರಿಂದ ಆಚರಿಸಲಾಗುತ್ತಿದೆ. 2020ರ ಆ ದಿನಕ್ಕೆ ಹನ್ನೊಂದು ದಿನ ಮೊದಲು, ಜುಲೈ 27ರಂದು, ನೇಕಾರರು ಸರ್ಕಾರದ ಎದುರು ಕೂತು ಮಾತಾಡಬಹುದಾಗಿದ್ದ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೇ ರದ್ದುಪಡಿಸಲಾಯಿತು. ದಿನಾಚರಣೆ ಮಾತ್ರ ಉಳಿದಿದೆ.

ಅಗ್ಗದ ಸೀರೆಯಿಂದ ಬಡವರಿಗೆ ಒಳ್ಳೆಯದಾಗಲಿಲ್ಲವೇ ಎಂದು ಕೇಳುವವರಿದ್ದಾರೆ. ಆಗಿದೆ. ಒಂದೇ ಸೀರೆಯಲ್ಲಿ ವರ್ಷ ಕಳೆಯುತ್ತಿದ್ದ ಕೂಲಿ ಹೆಂಗಸಿಗೆ ಎರಡನೆಯ, ಮೂರನೆಯ ಸೀರೆ ಕೊಟ್ಟದ್ದು ಪಾಲಿಯೆಸ್ಟರ್. ಕೈಮಗ್ಗದ ಜುಬ್ಬಾ ತೊಟ್ಟು ಸಭೆಗೆ ಬರುವ ನಮ್ಮಂಥವರು ಆಕೆಗೆ ಬುದ್ಧಿ ಹೇಳುವುದು ನಾಚಿಕೆಗೇಡು. ಆದರೆ ಆ ಸೀರೆಯ ಲಾಭ ಊರಿಗೆಲ್ಲ ಹಂಚಿಹೋಯಿತು, ನಷ್ಟವನ್ನು ಮಾತ್ರ ಕೆಲವು ಕೇರಿಗಳ ತಲೆಗೆ ಕಟ್ಟಲಾಯಿತು. ಲಾಭ ಪಡೆದವರು ನಷ್ಟಪಟ್ಟವರಿಗೆ ಏನು ಕೊಟ್ಟರು? 1983ರಲ್ಲಿ ಬ್ಯಾಂಕುಗಳಿಗೆ ಕಂಪ್ಯೂಟರ್ ಬರುವಾಗ ನೌಕರರ ಸಂಘಗಳು ಆಡಳಿತದವರನ್ನು ಎದುರಿಗೆ ಕೂರಿಸಿಕೊಂಡು ಷರತ್ತು ಹಾಕಿ ಒಪ್ಪಂದಕ್ಕೆ ಸಹಿ ಮಾಡಿಸಿದವು. ಯಂತ್ರವೂ ಬಂತು, ನೌಕರಿಯೂ ಉಳಿಯಿತು. ಅಂದರೆ ಷರತ್ತು ಹಾಕಲು ಬರುತ್ತದೆ! ರಬಕವಿಯ ನೇಕಾರನಿಗೆ, ಇಳಕಲ್ಲಿನಲ್ಲಿ ಕಂಡಿಕೆ ಸುತ್ತುವ ಮುದುಕಿಗೆ ಹಾಗೆ ಮಾತಾಡುವ ಸಂಘವಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

2017ರಲ್ಲಿ ಜಿಎಸ್‌ಟಿ ಬಂದು ಕೈಯಿಂದ ಮಾಡಿದ ವಸ್ತುಗಳಿಗೂ ತೆರಿಗೆ ಬಿದ್ದಾಗ ಹೆಗ್ಗೋಡಿನ ರಂಗಕರ್ಮಿ ಪ್ರಸನ್ನ ಬೆಂಗಳೂರಿನಲ್ಲಿ ಉಪವಾಸ ಕೂತರು. ಕೈ ಉತ್ಪನ್ನಗಳಿಗೆ ಶೂನ್ಯ ತೆರಿಗೆ ಇರಲಿ ಎಂಬುದು ಅವರ ಬೇಡಿಕೆ. ಹಲವರಿಗೆ ಅದು ಭಾವುಕತೆಯಾಗಿ ಕಂಡಿತು. ಯಂತ್ರ ಕೊಳ್ಳುವವನಿಗೆ ಬಡ್ಡಿ ಕಟ್ಟುವುದು ಅರ್ಥಶಾಸ್ತ್ರ, ಕೈಯಿಂದ ನೇಯುವವನಿಗೆ ತೆರಿಗೆ ಬಿಡುವುದು ಭಾವುಕತೆ ಎಂಬ ಪಾಠವನ್ನು ಯಾವ ವಿಶ್ವವಿದ್ಯಾಲಯದಲ್ಲಿ ಹೇಳಿಕೊಡುತ್ತಾರೋ ನಾವರಿಯೆವು.

ಇಳಕಲ್ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಒಂದೊಂದು ಸೀರೆಗೂ ಬೇರೆಯೇ ಹಾಸು. ವಿದ್ಯುತ್ ಮಗ್ಗದ ನಕಲು ಅದೇ ಹೆಸರಿನಲ್ಲಿ ಅದರ ಪಕ್ಕದಲ್ಲೇ ಮಾರಾಟಕ್ಕೆ ಕೂತಿರುತ್ತದೆ. ನಕಲನ್ನು ಕೈಮಗ್ಗದ್ದೆಂದು ಮಾರಬಾರದೆಂದು ಅಂಗಡಿಗೆ ಹೋಗಿ ನೋಡುವ ತನಿಖಾಧಿಕಾರಿ ಬೇಕು. ಲಡಿ ನೂಲಿನ ಪಾಲು ಮತ್ತೆ ಅರ್ಧಕ್ಕೆ ಏರಬೇಕು. ಕೈಬಿಟ್ಟ ಹನ್ನೊಂದು ಬಗೆಗಳನ್ನು ಯಾಕೆ ಕೈಬಿಟ್ಟರೆಂದು ಜವಳಿ ಇಲಾಖೆ ಬರೆದು ಹೇಳಬೇಕು. ನಾಳೆ ಕೃತಕ ಬುದ್ಧಿಮತ್ತೆಯ ಹೆಸರಿನಲ್ಲಿ ಭೂಮಿ, ನೀರು, ವಿದ್ಯುತ್ತಿನ ರಿಯಾಯಿತಿ ಕೇಳಿಕೊಂಡು ಬರುವವರು ಮೊದಲು ಆ ರಿಯಾಯಿತಿಯ ಮೊತ್ತವನ್ನು ಸದನದ ಮುಂದಿಡಲಿ. ‘ಅನಿವಾರ್ಯ’ವನ್ನು ಆಮೇಲೆ ಮಾತಾಡೋಣ.